ಕೈಗೆ ಸಿಗದ ಒಂದು ಮೊಳ ಗಾಜು

ಗ್ಯಾರೇಜಿನಲ್ಲಿ ಒಂದು ಕಂಬಳಿ ಇತ್ತು. ಬೆಂಕಿ ಹತ್ತದ ಕಂಬಳಿ. ಎಷ್ಟು ಕಿಡಿ ಬಿದ್ದರೂ ಅದಕ್ಕೇನೂ ಆಗುವುದಿಲ್ಲ, ಅದರ ಕೆಳಗಿರುವುದಕ್ಕೂ ಆಗುವುದಿಲ್ಲ. ಅದು ಕಾರಿಗೆ. ಆ ಕಂಬಳಿಯನ್ನು ಹಿಡಿದು ನಿಲ್ಲುವ ಹೆಂಗಸಿಗೆ ಹತ್ತಿಯ ಅಂಗಿ. ಅದೂ ಸತ್ತ ಗಂಡನದು, ಮೊಣಕೈ ಹತ್ತಿರ ಸವೆದು ಜರಡಿಯಾದದ್ದು.

ಹೀಗೆ ಯಾಕೆ ಅಂತ ಅಲ್ಲಿ ಯಾರೂ ಕೇಳಿದವರಲ್ಲ. ಕೇಳುವುದಕ್ಕೇನಿದೆ? ಕಾರಿನ ಬಣ್ಣ ಸುಟ್ಟರೆ ಕಾರಿನವನು ಬಂದು ಗ್ಯಾರೇಜು ಹಾರಿಹೋಗುವಂತೆ ಕೂಗಾಡುತ್ತಾನೆ. ಹೆಂಗಸಿನ ಚರ್ಮ ಸುಟ್ಟರೆ ಅವಳು ಮನೆಗೆ ಹೋಗಿ ಏನಾದರೂ ಸವರಿಕೊಳ್ಳುತ್ತಾಳೆ.

ಅವಳನ್ನು ಎಲ್ಲರೂ ಹೊದಿಕೆಯಮ್ಮ ಅನ್ನುತ್ತಿದ್ದರು. ಕಬ್ಬಿಣ ಉಜ್ಜುವಾಗ ಹಾರುವ ಕಿಡಿ ದೂರದಿಂದ ನೋಡುವವರಿಗೆ ಚೆಂದ. ಹತ್ತಿರ ನಿಂತವರಿಗೆ ಗೊತ್ತು, ಅದು ಕಾದ ಕಬ್ಬಿಣದ ಪುಡಿ. ಗಾಜಿನ ಮೇಲೆ ಬಿದ್ದರೆ ಗಾಜನ್ನೇ ಕಚ್ಚಿ ಕೂರುತ್ತದೆ. ಒರೆಸಿದರೂ ಹೋಗುವುದಿಲ್ಲ, ತೊಳೆದರೂ ಹೋಗುವುದಿಲ್ಲ. ಬಣ್ಣದ ಮೇಲೆ ಬಿದ್ದದ್ದು ಕೆಲವು ದಿನ ಸುಮ್ಮನಿದ್ದು, ಆಮೇಲೆ ತುಕ್ಕು ಹಿಡಿದು ಕಂದು ಚುಕ್ಕೆಯಾಗಿ ಏಳುತ್ತದೆ. ಆದ್ದರಿಂದ ವೆಲ್ಡಿಂಗಿಗೆ ಮೊದಲು ಕಾರನ್ನು ಹೊರಗೂ ಒಳಗೂ ಮುಚ್ಚಬೇಕು. ಗಾಜಿಗೆ ಒದ್ದೆ ಬಟ್ಟೆ, ಅದರ ಮೇಲೆ ಕಂಬಳಿ. ಸೀಟುಗಳಿಗೆ ದಪ್ಪ ಬಟ್ಟೆ. ಸಂದುಗೊಂದುಗಳಿಗೆ ಒದ್ದೆ ಚಿಂದಿ. ಇದೆಲ್ಲ ಅವಳ ಕೆಲಸ. ಅಂಚು ಜಾರುವಲ್ಲಿ ಕೈಯಿಂದ ಒತ್ತಿ ಹಿಡಿದು ನಿಲ್ಲುವುದೂ ಅವಳ ಕೆಲಸವೇ. ಅವಳ ಮುಂಗೈಗಳ ಮೇಲೆಯೂ ಕಂದು ಚುಕ್ಕೆಗಳಿದ್ದವು, ಮೊಣಕೈವರೆಗೆ. ಅವನ್ನು ಯಾರೂ ಕೈಯಾಡಿಸಿ ನೋಡಿದ್ದಿಲ್ಲ.

ವೆಲ್ಡಿಂಗ್ ಮಾಡುತ್ತಿದ್ದವನು ಮೇಸ್ತ್ರಿ. ಕೈಗವಸು ಅವನಿಗೆ, ಮುಖವಾಡ ಅವನಿಗೆ, ಚರ್ಮದ ಮುಂಗವಚ ಅವನಿಗೆ. ಅವನ ಬೆಸುಗೆ ಗೆರೆ ಎಳೆದ ಹಾಗಿರುತ್ತದೆ ಅಂತ ಯಜಮಾನರು ಬಂದವರ ಮುಂದೆಲ್ಲ ಹೊಗಳುತ್ತಿದ್ದರು. ನೆಗ್ಗಿದ ತಗಡು ಬಡಿದು ಸರಿಮಾಡುವ ಟಿಂಕರ್ ಕೆಲಸದ ಸುತ್ತಿಗೆ, ಅವನನ್ನು ಕರೆಯುತ್ತಿದ್ದದ್ದೇ ಹಾಗೆ, ಮಧ್ಯಾಹ್ನ ತನ್ನ ಡಬ್ಬಿ ಬಿಚ್ಚಿದರೆ ಮೊದಲ ತುತ್ತು ಮೇಸ್ತ್ರಿಗೆ. ಇಬ್ಬರೂ ಒಂದೇ ಡಬ್ಬಿಗೆ ಕೈ ಹಾಕಿ ಉಣ್ಣುತ್ತಿದ್ದರು. ಹೊದಿಕೆಯಮ್ಮ ಹೊರಗೆ ನಲ್ಲಿಯ ಪಕ್ಕ, ಹಳೇ ಟೈರಿನ ಮೇಲೆ ಕೂತು ಉಣ್ಣುತ್ತಿದ್ದಳು.

ಈಗ ಹೇಳಲೇಬೇಕಾದ ಮಾತು. ಹೊದಿಕೆಯಮ್ಮ ಮೇಸ್ತ್ರಿಯ ಸ್ವಂತ ಅಕ್ಕ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವಳು.

ಇಬ್ಬರೂ ಹುಟ್ಟಿದ್ದು ಊರಿನ ಚರಂಡಿ ತೆಗೆಯುವವರ, ಸತ್ತ ನಾಯಿ ಎತ್ತುವವರ ಬೀದಿಯಲ್ಲಿ. ಆ ಬೀದಿಯ ಹೆಸರು ಬಾಯಿಗೆ ಬಂದರೆ ಎದುರಿಗಿದ್ದವರು ಒಂದು ಹೆಜ್ಜೆ ಹಿಂದಕ್ಕೆ ಸರಿಯುತ್ತಾರೆ. ಅಕ್ಕನೇ ಗುಜರಿ ಆರಿಸಿ, ಮಾರಿ, ತಮ್ಮನನ್ನು ವೆಲ್ಡಿಂಗ್ ಕಲಿಯಲು ಹಚ್ಚಿದಳು. ಕೆಲಸ ಕೈಗೆ ಹತ್ತಿದ್ದೇ ತಡ, ಅವನು ಊರಿನ ಆ ತುದಿಯಲ್ಲಿ ಒಂದು ಕೋಣೆ ಹಿಡಿದ. ಬೀದಿಗೆ ಬರುವುದನ್ನು ಕಡಿಮೆ ಮಾಡಿದ. ಯಾರಾದರೂ ಮನೆ ಎಲ್ಲಿ ಅಂತ ಕೇಳಿದರೆ ಕೋಣೆಯ ವಿಳಾಸ ಹೇಳಿ ಬೇರೆ ಮಾತು ತೆಗೆಯುತ್ತಿದ್ದ. ಭಾವ ತೀರಿಕೊಂಡ ಮೇಲೆ ಅಕ್ಕನಿಗೆ ಕೆಲಸ ಬೇಕಾಯಿತು. ಗ್ಯಾರೇಜಿನಲ್ಲಿ ಹೊದಿಸುವವರು ಬೇಕಾಗಿದ್ದರು. ಸುದ್ದಿ ಮುಟ್ಟಿಸಿದವನು ಅವನೇ. ಆದರೆ ಮುಟ್ಟಿಸುವಾಗಲೇ ಹೇಳಿದ್ದ.

"ಅಕ್ಕಾ, ಅಲ್ಲಿ ನನ್ನನ್ನ ತಮ್ಮ ಅಂತ ಕರೀಬೇಡ."

"ಮತ್ತೇನಂತ ಕರೀಲಿ?"

"ಎಲ್ರೂ ಮೇಸ್ತ್ರಿ ಅಂತಾರೆ."

 ಅವಳು ನಕ್ಕಳು. "ಸೊಂಟದ ಮೇಲೆ ಹೊತ್ಕೊಂಡು ತಿರುಗಿದ್ದೀನಿ ನಿನ್ನ. ಸೋರೋ ಮೂಗು ಒರೆಸಿದ್ದೀನಿ. ಇನ್ಮೇಲೆ ಮೇಸ್ತ್ರಿಯವ್ರೇ ಅನ್ಬೇಕೇನೋ? ಆಯ್ತು ಬಿಡಪ್ಪಾ. ನಿನ್ನ ಹೊಟ್ಟೆ ತಣ್ಣಗಿರ್ಲಿ."

ಅವಳು ಮಾತು ತಪ್ಪಲಿಲ್ಲ. ತನ್ನ ಬೀದಿಯನ್ನು ಮಾತ್ರ ಮುಚ್ಚಿಡಲಿಲ್ಲ. ಯಜಮಾನರು ಕೇಳಿದ ದಿನವೇ ಹೇಳಿದಳು. ಅಂದಿನಿಂದ ಅವಳ ನೀರಿನ ಚೊಂಬು ಬೇರೆಯಾಯಿತು. ಅದನ್ನು ನಲ್ಲಿಯ ಹತ್ತಿರ ಮೊಳೆಗೆ ನೇತುಹಾಕಿದವನು ಮೇಸ್ತ್ರಿಯೇ. ಯಜಮಾನರು ಹಾಕು ಅಂದರು, ಹಾಕಿದ. ಮೊಳೆ ಹೊಡೆಯುವಾಗ ಅವನ ಕಿವಿ ಕಾದುಹೋಗಿತ್ತು. ಆದರೂ ಮೊಳೆ ನೆಟ್ಟಗೆ ಕೂತಿತ್ತು.

ಒಂದು ದಿನ ಬಂದದ್ದು ಗುತ್ತಿಗೆದಾರನೊಬ್ಬನ ಕರಿ ಕಾರು. ಬಂದದ್ದು ಅಂದರೆ, ಅದು ಬಣ್ಣ ಮುಗಿಸಿಕೊಂಡು ಅಲ್ಲೇ ನಿಂತಿತ್ತು. ತೆಗೆದುಕೊಂಡು ಹೋಗಲು ಗುತ್ತಿಗೆದಾರ ಬಂದಿದ್ದ. ಸುತ್ತಲೂ ಒಂದು ಸುತ್ತು ಹಾಕಿದ, ಬಣ್ಣದಲ್ಲಿ ತನ್ನ ಮುಖ ನೋಡಿಕೊಂಡ, ಮೀಸೆ ಸವರಿಕೊಂಡ. ಆಮೇಲೆ ಡಿಕ್ಕಿ ತೆಗೆದ. ಡಿಕ್ಕಿಯ ಬಾಗಿಲು ಒಂದು ಕಡೆಗೆ ವಾಲಿತು. ಕೀಲಿನ ಕೆಳಗಿನ ತಗಡು ಸೀಳಿತ್ತು.

ಬಣ್ಣ ಹೊಡೆಯುವ ಮೊದಲೇ ಸುತ್ತಿಗೆ ಅದನ್ನು ನೋಡಬೇಕಿತ್ತು. ವೆಲ್ಡಿಂಗ್ ಮೊದಲು, ಬಣ್ಣ ಆಮೇಲೆ. ಗ್ಯಾರೇಜಿನ ಗೋಡೆಗೂ ಗೊತ್ತಿರುವ ಸಂಗತಿ ಅದು. ಸುತ್ತಿಗೆ ನೋಡಿರಲಿಲ್ಲ. ಅವನಿಗೆ ಯಾರೂ ಏನೂ ಅನ್ನಲಿಲ್ಲ. ಅವನು ತಲೆ ಕೆರೆದುಕೊಂಡ, ಯಜಮಾನರು ನಕ್ಕು, "ಕೆಲಸ ಮಾಡೋರ ಕೈಯಲ್ಲಿ ಹೀಗಾಗ್ತಿರುತ್ತೆ ಸಾರ್, ಈಗ್ಲೇ ಮಾಡಿಕೊಡ್ತೀವಿ" ಅಂದರು.

"ಇಲ್ಲೇ ಕೂತಿರ್ತೀನಿ. ನನ್ನ ಕಣ್ಣೆದುರಿಗೇ ಮಾಡಿ," ಅಂದ ಗುತ್ತಿಗೆದಾರ. ಕೀಲಿ ತೆಗೆದು ಮೇಸ್ತ್ರಿಯ ಕೈಗೆ ಕೊಟ್ಟ. "ಹುಷಾರಪ್ಪಾ."

ಮೇಸ್ತ್ರಿ ಸೀಟಿನ ಮೇಲೆ ಕೂತು ಕಾರನ್ನು ಒಳಗೆ ತಂದು ನಿಲ್ಲಿಸಿದ. ಬ್ಯಾಟರಿಯ ತಂತಿ ಬಿಚ್ಚಿದ. ಸೀಳು ಇದ್ದದ್ದು ಹಿಂದಿನ ಗಾಜಿನ ಬುಡದಲ್ಲೇ. ಹಿಂದಿನ ಸೀಟಿನ ಬೆನ್ನಿಗಿರುವ ಹಲಗೆಯನ್ನೂ ಬಿಚ್ಚಿಡಬೇಕಾಯಿತು. ಇನ್ನು ಡಿಕ್ಕಿಯಲ್ಲಿ ಎದ್ದ ಕಿಡಿ ಆ ತೂತಿನಿಂದ ನೇರ ಕಾರಿನೊಳಗೆ ನುಗ್ಗುತ್ತದೆ. ಗಾಜನ್ನು ಒಳಗಿನಿಂದಲೂ ಮುಚ್ಚಬೇಕು.

ಹೊದಿಕೆಯಮ್ಮ ಬಟ್ಟೆ ಹಿಂಡಿಕೊಂಡು ಬಂದಳು. ಹಿಂದಿನ ಬಾಗಿಲು ತೆಗೆದು ಒಂದು ಮಂಡಿಯನ್ನು ಸೀಟಿನ ಅಂಚಿಗೆ ಊರಿದಳು.

"ಏ! ಏ!" ಗುತ್ತಿಗೆದಾರ ಕುರ್ಚಿಯಿಂದ ಎದ್ದೇಬಿಟ್ಟ. "ಯಾರ್ರೀ ಅವಳು? ಆ ಬೀದಿಯವಳಲ್ವಾ? ಅವಳನ್ನ ನನ್ನ ಸೀಟಿಗೆ ಹತ್ತಿಸ್ತೀರಾ?"

ಅವಳು ಮಂಡಿ ತೆಗೆದಳು. "ಮೇಲೆ ಬಟ್ಟೆ ಹಾಸ್ಕೊಂಡೇ ಕೂರ್ತೀನಿ ಸಾರ್. ನಡುವಿನ ಗಾಜು ಹೊರಗಿಂದ ಕೈಗೆ ಸಿಗಲ್ಲ."

"ಬಟ್ಟೆ ಹಾಸಿದ್ರೆ? ನೀನು ನೀನೇ ತಾನೆ?"

ಯಜಮಾನರು ನಡುವೆ ಬಂದರು. "ಹೊರಗಿಂದ್ಲೇ ಮಾಡಮ್ಮಾ. ಎಷ್ಟು ಸಿಗುತ್ತೋ ಅಷ್ಟು. ವಾದ ಮಾಡ್ಬೇಡ."

ಅವಳು ಈ ಬಾಗಿಲಿನಿಂದ ಬಗ್ಗಿ ಕೈ ಚಾಚಿದಳು. ಸುತ್ತಿ ಬಂದು ಆ ಬಾಗಿಲಿನಿಂದ ಚಾಚಿದಳು. ಸೀಟಿಗೆ ಮೈ ತಾಗಬಾರದು, ಆದ್ದರಿಂದ ಹೊಟ್ಟೆಯನ್ನು ಒಳಗೆಳೆದುಕೊಂಡು, ಗಾಳಿಯಲ್ಲಿ ತೇಲುವವಳಂತೆ ಬಗ್ಗಬೇಕು. ಸೊಂಟ ಹಿಡಿದುಕೊಂಡು ಎರಡು ಸಲ ನೇರವಾಗಿ ನಿಂತಳು. ಸೀಟಿನ ಮೇಲೆ ದಪ್ಪ ಬಟ್ಟೆ ಬಿತ್ತು, ಗಾಜಿನ ಎರಡೂ ಮೂಲೆಗೆ ಒದ್ದೆ ಬಟ್ಟೆ ಕೂತಿತು. ನಡುವಿನ ಒಂದು ಮೊಳ ಗಾಜು ಬರಿದಾಗಿ ಉಳಿಯಿತು.

ಅವಳು ಮೇಸ್ತ್ರಿಯ ಕಡೆ ನೋಡಿದಳು. 

ಅವನಿಗೆ ಅರ್ಥವಾಯಿತು. ಅವನು ಒಳಗೆ ಹೋಗಬಹುದಿತ್ತು. ಆಗತಾನೇ ಆ ಕಾರಿನಲ್ಲಿ ಕೂತು ಇಳಿದವನು ಅವನು. ಅವಳನ್ನು ತಡೆದ ಸೀಟು ಅವನನ್ನು ತಡೆದಿರಲಿಲ್ಲ. ಬಟ್ಟೆಯನ್ನು ಅವಳ ಕೈಯಿಂದ ತೆಗೆದುಕೊಂಡು ಒಳಗೆ ಮಂಡಿಯೂರಿದರೆ ಚಿಟಿಕೆ ಹೊಡೆಯುವುದರಲ್ಲಿ ಮುಗಿಯುತ್ತಿತ್ತು. ಆದರೆ ಮೇಸ್ತ್ರಿಯಾದವನು ಹೊದಿಸುವ ಕೆಲಸ ಮಾಡುವುದಿಲ್ಲ. ಮಾಡಿದರೆ ಸುತ್ತಿಗೆ ಕೇಳುತ್ತಾನೆ, ಏನು ಮೇಸ್ತ್ರಿ, ಅವಳ ಮೇಲೆ ಇಷ್ಟು ಕನಿಕರ? ಕನಿಕರದ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ. ಅದರ ಬೆನ್ನಿಗೆ ಮತ್ತೊಂದು.

ಅವನು ಮುಖವಾಡ ಇಳಿಸಿಕೊಂಡ. ಅದರ ಹಿಂದೆ ಯಾರ ಮುಖವೂ ಕಾಣುವುದಿಲ್ಲ.

ಹೊರಗಿನ ಗಾಜಿಗೆ ಕಂಬಳಿ ಹಾಸಿಯಾಗಿತ್ತು. ಹಳೇ ಕಾರಾದರೆ ಅಂಚಿಗೆ ಟೇಪ್ ಅಂಟಿಸುತ್ತಾರೆ. ಹೊಸ ಬಣ್ಣಕ್ಕೆ ಟೇಪ್ ಅಂಟಿಸಿದರೆ ಬಣ್ಣವೇ ಕಿತ್ತು ಬರುತ್ತದೆ. ಆದ್ದರಿಂದ ಅವಳು ಎರಡೂ ಕೈ ಚಾಚಿ ಕಂಬಳಿಯ ಅಂಚನ್ನು ಗಾಜಿಗೆ ಒತ್ತಿ ಹಿಡಿದು, ಮುಖವನ್ನು ಆ ಕಡೆ ತಿರುಗಿಸಿ ನಿಂತಳು. ಬರಿಗೈ. ಗ್ಯಾರೇಜಿನಲ್ಲಿ ಕೈಗವಸು ಒಂದೇ ಜೊತೆ.

ವೆಲ್ಡಿಂಗ್ ಬೇಗ ಮುಗಿಯಿತು, ಅಷ್ಟರಲ್ಲೇ ಒಂದಷ್ಟು ಕಿಡಿ ತೂತಿನಿಂದ ಒಳಗೆ ಹಾರಿತ್ತು. ಆಮೇಲೆ ಗ್ರೈಂಡರ್. ಬೆಸುಗೆಯ ಉಬ್ಬನ್ನು ಉಜ್ಜಿ ಸಮ ಮಾಡಬೇಕು. ಕಿಡಿಯ ಧಾರೆಯನ್ನು ಯಾವ ಕಡೆ ತಿರುಗಿಸುವುದು ಅನ್ನುವುದು ಉಜ್ಜುವವನ ಕೈಯಲ್ಲಿರುತ್ತದೆ. ಎಡಕ್ಕೆ ತಿರುಗಿಸಿದರೆ ಹೊಸ ಬಣ್ಣ. ಕೆಳಕ್ಕೆ ತಿರುಗಿಸಿದರೆ ಕಾರಿನ ಒಳಗೆ. ಬಲಕ್ಕೆ ಅವಳ ಕೈ. ಗುತ್ತಿಗೆದಾರ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದ.

ಮೇಸ್ತ್ರಿ ಬಲಕ್ಕೆ ತಿರುಗಿಸಿದ.

ಕಿಡಿ ಅಂಗಿಯ ತೋಳಿನೊಳಗೆ ಹೋಯಿತು. ಒಂದಾದರೆ ಕೊಡವಿಕೊಳ್ಳಬಹುದು. ಧಾರೆಯನ್ನು ಕೊಡವುವುದು ಹೇಗೆ? ಕೈ ಬಿಟ್ಟರೆ ಕಂಬಳಿ ಜಾರುತ್ತದೆ. ಕಂಬಳಿ ಜಾರಿದರೆ ಗಾಜು.

"ಮೇಸ್ತ್ರಿಯವ್ರೇ, ಒಂಚೂರು ನಿಲ್ಸಿ."

ಮೊದಲ ಸಲ ಅವನಿಗೆ ಕೇಳಿಸಲಿಲ್ಲ. ಇದು ನಿಜ.

"ಮೇಸ್ತ್ರಿಯವ್ರೇ, ಕೈ ಸುಡ್ತಿದೆ, ನಿಲ್ಸಿ."

ಎರಡನೇ ಸಲ ಕೇಳಿಸಿತು. ಇದೂ ನಿಜ. ಅವನ ಭುಜ ಒಮ್ಮೆ ಅದುರಿತು. ಗುಂಡಿ ಒತ್ತಿದರೆ ಗ್ರೈಂಡರ್ ನಿಲ್ಲುತ್ತದೆ. ಅಷ್ಟರಲ್ಲಿ ಯಜಮಾನರು ಹಿಂದಿನಿಂದ, "ಮುಗ್ಸು, ಮುಗ್ಸು, ಇನ್ನೇನು ಆಯ್ತಲ್ಲ," ಅಂದರು. ಅವನು ಮುಗಿಸಿದ. ಉಳಿದದ್ದು ಒಂದು ಬೆರಳಿನಷ್ಟು ಉದ್ದ. ಅದನ್ನು ಉಜ್ಜುತ್ತಿದ್ದ ಅಷ್ಟೂ ಹೊತ್ತು ಕೂದಲು ಸುಟ್ಟ ವಾಸನೆ ಬರುತ್ತಿತ್ತು.

ಮೈ ಸುಡುವಾಗ ಮನುಷ್ಯರ ಬಾಯಿಗೆ ಬರುವುದು ಹತ್ತಿರದವರ ಹೆಸರು. ಅಮ್ಮ ಅನ್ನುತ್ತಾರೆ, ಅಪ್ಪ ಅನ್ನುತ್ತಾರೆ. ಅವಳ ಬಾಯಿಗೆ ತಮ್ಮಾ ಅಂತ ಬಂದಿರಲೇಬೇಕು. ಬಂದದ್ದನ್ನು ಹಲ್ಲು ಕಚ್ಚಿ ನುಂಗಿ, ಅವನು ಹೇಳಿಕೊಟ್ಟಿದ್ದನ್ನೇ ಅಂದಳು. ಗ್ರೈಂಡರನ್ನು ಕೆಳಗಿಟ್ಟಾಗ ಮೇಸ್ತ್ರಿಗೆ ಹೊಳೆದದ್ದು ಇದು. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಅವಳು ನಲ್ಲಿಯ ಹತ್ತಿರ ಹೋಗಿ ನೀರಿಗೆ ಕೈ ಒಡ್ಡಿದಳು. ಅವನು ಹೋಗಲಿಲ್ಲ. ಬೆಸುಗೆಯನ್ನೇ ಗವಸಿನ ಬೆರಳಿಂದ ಸವರುತ್ತಾ ನಿಂತ. ಗೆರೆ ಎಳೆದ ಹಾಗೆ ಬಂದಿತ್ತು.

ಗುತ್ತಿಗೆದಾರ ಪರೀಕ್ಷೆಗೆ ಇಳಿದ. ಬಿಳಿ ಕರವಸ್ತ್ರ ತೆಗೆದು ಬಣ್ಣದ ಮೇಲೆ ಎಳೆದ. ನುಣುಪು. ಹೊರಗಿನ ಗಾಜಿನ ಮೇಲೆ ಎಳೆದ. ಎಲ್ಲೂ ತಡೆಯಲಿಲ್ಲ. ಅವಳ ಕೈ ಅಲ್ಲಿತ್ತಲ್ಲ. ಆಮೇಲೆ ಸೀಟಿನ ಮೇಲಿನ ಬಟ್ಟೆ ತೆಗೆಸಿ ಒಳಗೆ ಹೋಗಿ, ಗಾಜಿನ ನಡುವಿಗೆ ಕರವಸ್ತ್ರ ಇಟ್ಟು ಎಳೆದ. ಅದು ಚರ್ರನೆ ಸಿಕ್ಕಿಕೊಂಡಿತು. ಉಪ್ಪಿನ ಹರಳು ಎರಚಿದಂತೆ ಸಣ್ಣ ಸಣ್ಣ ಕರಿ ಕಾಳುಗಳು ಗಾಜಿನೊಳಗೆ ಕೂತಿದ್ದವು.

"ಏನ್ರೀ ಇದು? ಏನಿದು?"

ಯಜಮಾನರ ಮುಖ ಇಂಗು ತಿಂದಂತಾಯಿತು. ತಿರುಗಿ ಕೂಗಿದರು. "ಎಲ್ಲಮ್ಮಾ ನೀನು? ಬಾ ಇಲ್ಲಿ! ಹೊದಿಸೋ ಕೆಲಸ ಯಾರದು?"

ಅವಳು ಬಂದಳು. ಸುಟ್ಟ ಕೈಯನ್ನು ಇನ್ನೊಂದು ಕಂಕುಳಲ್ಲಿ ಅವುಚಿಕೊಂಡಿದ್ದಳು. "ನಂದೇ ಯಜಮಾನ್ರೇ."

"ಗಾಜು ಹಾಳಾಯ್ತಲ್ಲ, ಏನಂತೀಯಾ?"

"ಒಳಗೆ ಕೂರೋಕೆ ಬಿಟ್ಟಿದ್ರೆ ಹಾಳಾಗ್ತಿರ್ಲಿಲ್ಲ. ನಡುವಿಂದು ಕೈಗೆ ಸಿಗಲ್ಲ ಅಂತ ಮೊದ್ಲೇ ಹೇಳ್ದೆ. ಎಲ್ರೂ ಇದ್ರಲ್ಲ, ಕೇಳಿ."

ಯಜಮಾನರು ಮೇಸ್ತ್ರಿಯನ್ನು ನೋಡಿದರು. ಮೇಸ್ತ್ರಿ ಗ್ರೈಂಡರಿನ ವೈರು ಸುತ್ತುತ್ತಿದ್ದ. ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತಿದ.

ಗುತ್ತಿಗೆದಾರ ಕರವಸ್ತ್ರ ಮಡಚುತ್ತಾ ಅಂದ, "ಗಾಜಾದ್ರೆ ಬದಲಾಯಿಸ್ಬಹುದು. ನೀನು ಕೂತಿದ್ರೆ ಸೀಟನ್ನೇ ಕಿತ್ತು ಸುಡ್ಬೇಕಾಗಿತ್ತು."

ಸುತ್ತಿಗೆ ಹೋ ಅಂತ ನಕ್ಕ. ಯಜಮಾನರು ಗಿರಾಕಿಯ ಮಾತಿಗೆ ನಗಬೇಕಾದಷ್ಟು ನಕ್ಕರು. ಮೇಸ್ತ್ರಿಯೂ ನಕ್ಕ.

ಬೇಕೆಂದು ನಕ್ಕದ್ದಲ್ಲ. ವರ್ಷಗಟ್ಟಲೆ ಅಂಥ ಮಾತಿಗೆ ಎಲ್ಲರ ಜೊತೆ ಹಲ್ಲು ಕಿರಿದು ರೂಢಿಯಾಗಿತ್ತು. ನಗದಿದ್ದರೆ ಯಾಕೆ ನಗಲಿಲ್ಲ ಅನ್ನುತ್ತಾರೆ. ನಗು ಬಾಯಿಂದ ಹೊರಬಿದ್ದ ಮೇಲೆ ಅದು ತನ್ನದೇ ದನಿ ಅಂತ ಅವನಿಗೆ ಗೊತ್ತಾಯಿತು. ಅವಳಿಗೂ ಗೊತ್ತಾಯಿತು. ಆ ನಗುವನ್ನು ಅವಳು ಅವನ ಹಾಲುಹಲ್ಲಿನ ಕಾಲದಿಂದ ಕೇಳಿದವಳು.

ಅವಳು ಯಾರನ್ನೂ ನೋಡಲಿಲ್ಲ. ನೆಟ್ಟಗೆ ಕಾರಿನ ಹತ್ತಿರ ಹೋದಳು. ಹಿಂದಿನ ಬಾಗಿಲು ತೆರೆದೇ ಇತ್ತು. ಒಳಗೆ ಹೋಗಿ ಸೀಟಿನ ನಟ್ಟನಡುವೆ ಕೂತಳು. ಬಟ್ಟೆ ಹಾಸಿಕೊಳ್ಳಲಿಲ್ಲ. ಬೆನ್ನನ್ನು ಹಿಂದಕ್ಕೆ ಆನಿಸಿ, ಕಾಲು ಚಾಚಿ, ಸುಟ್ಟ ಕೈಯನ್ನು ತೊಡೆಯ ಮೇಲಿಟ್ಟುಕೊಂಡಳು. ಆ ಗ್ಯಾರೇಜಿನಲ್ಲಿ ಅವಳು ಮುಚ್ಚಿ ಕಾಪಾಡಿದ ಕಾರುಗಳಿಗೆ ಲೆಕ್ಕವಿರಲಿಲ್ಲ. ಒಂದರಲ್ಲಿ ಕೂತದ್ದು ಇದೇ ಮೊದಲು.

"ಏಯ್! ಇಳಿ! ಇಳಿಯೇ ಕೆಳಗೆ!"

"ಇಳಿಯಲ್ಲ. ಇಳಿಸಿ."

ಗುತ್ತಿಗೆದಾರ ಬಾಗಿಲಿನವರೆಗೆ ನುಗ್ಗಿ ಬಂದು ನಿಂತ. ಇಳಿಸಬೇಕಾದರೆ ಮುಟ್ಟಬೇಕು. ಅವನ ಕೈ ಅರ್ಧಕ್ಕೆ ಹೋಗಿ ಹಿಂದೆ ಬಂತು. ಯಜಮಾನರು ಇನ್ನೊಂದು ಬಾಗಿಲಿನಿಂದ ಇಣುಕಿದರು, ಬೆದರಿಸಿದರು, ಬೈದರು, ನಾಳೆಯಿಂದ ಬರಬೇಡ ಅಂದರು. ಅವಳು ಕೂತೇ ಇದ್ದಳು. ಮೂರು ಗಂಡಸರು ಕಾರಿನ ಸುತ್ತ ಕುಣಿದರೇ ಹೊರತು ಒಬ್ಬನೂ ಕೈ ಹಾಕಲಿಲ್ಲ.

"ಮೇಸ್ತ್ರಿ, ಎಳೆದು ಹಾಕು ಅವಳನ್ನ," ಅಂದರು ಯಜಮಾನರು. "ನಿನ್ನ ಕೈಯಲ್ಲಿ ಗವಸು ಇದೆಯಲ್ಲ!"

ಮೇಸ್ತ್ರಿ ಬಾಗಿಲಿಗೆ ಹೋದ. ಗವಸು ಬಿಚ್ಚಿ ಕೆಳಗೆ ಹಾಕಿದ. ಅವಳ ಮಣಿಕಟ್ಟು ಹತ್ತಿರದಿಂದ ಕಂಡಿತು. ಚರ್ಮ ಎದ್ದು ಕೆಂಪು ಮಾಂಸ ಕಾಣುತ್ತಿತ್ತು, ಅಂಗಿಯ ನೂಲು ಅದಕ್ಕೆ ಅಂಟಿತ್ತು. ಅವನು ಕೈ ಮುಂದೆ ಮಾಡಿದ.

"ಅಕ್ಕಾ," ಅಂದ. "ಅಕ್ಕಾ, ಬಾ. ಮನೆಗೆ ಹೋಗೋಣ."

ಅವಳು ಅವನ ಕೈಯನ್ನು ನೋಡಿದಳು. "ಮುಟ್ಬೇಡ ನನ್ನ."

 ಯಜಮಾನರು ಕೇಳಿದರು, "ಏನಂದೆ ನೀನು? ಅಕ್ಕನಾ?"

ಈಗಲೂ ಬಾಯಿತಪ್ಪಿ ಬಂತು ಅಂತ ಹೇಳಿ ಪಾರಾಗಬಹುದಿತ್ತು. ಅವನ ನಾಲಿಗೆ ಆ ಕಡೆಗೆ ಹೊರಳಿತ್ತು ಕೂಡ. ಅವನು ಅದನ್ನು ಹಿಡಿದು ನಿಲ್ಲಿಸಿದ.

"ಹೌದು. ಸ್ವಂತ ಅಕ್ಕ. ನಾನೂ ಅದೇ ಬೀದಿಯವನು."

ಗುತ್ತಿಗೆದಾರ ಮುಂದಿನ ಸೀಟನ್ನು ನೋಡಿದ. ಆಮೇಲೆ ಕೀಲಿ ಕೊಟ್ಟ ತನ್ನ ಅಂಗೈ ನೋಡಿಕೊಂಡು ಪ್ಯಾಂಟಿಗೆ ಒರೆಸಿಕೊಂಡ. ಸುತ್ತಿಗೆಯ ಮುಖ ಬಿಳಿಚಿಕೊಂಡಿತು. "ಥೂ," ಅಂದ. "ದಿನಾ ಒಂದೇ ಡಬ್ಬೀಲಿ ಉಂಡ್ನಲ್ಲೋ, ಪಾಪಿ." ಮೂಲೆಗೆ ಹೋಗಿ ಉಗುಳಿ ಬಾಯಿ ಒರೆಸಿಕೊಂಡ.

ಮೇಸ್ತ್ರಿ ಕಾರಿನೊಳಗೆ ನೋಡಿದ. ಅವನಿಗೆ ತಾನು ಏನೋ ದೊಡ್ಡದನ್ನು ಮಾಡಿಬಿಟ್ಟೆ ಅನ್ನಿಸಿತ್ತು. ಅವಳು ಈಗ ಅಳುತ್ತಾಳೆ, ಇಲ್ಲವೇ ಒಂದು ಒಳ್ಳೆಯ ಮಾತಾಡುತ್ತಾಳೆ ಅಂತ ಕಾದ.

"ಈಗ ಹೇಳಿ ಯಾರನ್ನ ಉದ್ಧಾರ ಮಾಡ್ದೆ?" ಅಂದಳು. ದನಿ ಏರಿಸಲಿಲ್ಲ. "ಎರಡನೇ ಸಲ ಕೂಗ್ದಾಗ ನಿಂಗೆ ಕೇಳಿಸ್ತು. ನಿನ್ನ ಭುಜ ಅದುರಿದ್ದು ನೋಡ್ದೆ ನಾನು. ಹೋಗ್ಲಿ, ಹೊಟ್ಟೆಪಾಡು ಅಂದ್ಕೊಂಡೆ. ಆಮೇಲೆ ನಕ್ಕೆಯಲ್ಲೋ. ಅದಕ್ಕೆ ಏನಂದ್ಕೊಳ್ಲಿ?"

ಅವನಿಗೆ ಅವಳ ಕೈಯ ಸುಟ್ಟ ಗಾಯವನ್ನು ನೋಡುವುದಕ್ಕಿಂತ ಅವಳ ಮುಖ ನೋಡುವುದು ಕಷ್ಟವಾಯಿತು.

ಅಷ್ಟರಲ್ಲಿ ಸುತ್ತಿಗೆ ತಿರುಗಿ ಬಂದ. ಕೈಯಲ್ಲಿ ಉದ್ದನೆಯ ಕಬ್ಬಿಣದ ಸಲಾಕೆ. ಮುಟ್ಟದೆ ಇಳಿಸುವುದಕ್ಕೆ ಅವನಿಗೆ ದಾರಿ ಹೊಳೆದಿತ್ತು. ನಾಯಿಯನ್ನು ಹೊರಹಾಕುವುದು ಹಾಗೇ ತಾನೆ. "ಸರಿಯೋ ಪಕ್ಕಕ್ಕೆ," ಅಂತ ಸಲಾಕೆಯನ್ನು ಬಾಗಿಲೊಳಗೆ ತೂರಿಸಲು ಬಂದ. ಮೇಸ್ತ್ರಿ ಬಾಗಿಲಿಗೆ ಅಡ್ಡ ನಿಂತ. ತಿವಿದದ್ದು ಅವನ ಪಕ್ಕೆಗೆ ಬಿತ್ತು. ಉಸಿರು ಕಟ್ಟಿತು. ಅವನು ಎರಡೂ ಕೈಯಿಂದ ಬಾಗಿಲಿನ ಚೌಕಟ್ಟು ಹಿಡಿದುಕೊಂಡ. ಇನ್ನೊಂದು ತಿವಿತ ಬಿತ್ತು. ಅವನಿಗೆ ಅದು ಬೇಕಾಗಿತ್ತು. ಇನ್ನೂ ಬೀಳಲಿ ಅನ್ನಿಸಿತು. ಅಷ್ಟು ನಾಚಿಕೆಯಾಗಿತ್ತು ಅವನಿಗೆ, ಪೆಟ್ಟು ತಿನ್ನುವುದು ಸುಖವಾಗಿತ್ತು.

"ಸರಿ ಪಕ್ಕಕ್ಕೆ," ಅಂದಳು ಅಕ್ಕ, ಬೆನ್ನ ಹಿಂದಿನಿಂದ.

"ಬೇಡ ಅಕ್ಕಾ, ಅವನು ಸಲಾಕೆ ಹಿಡಿದಿದ್ದಾನೆ."

"ಕಾಣ್ಸುತ್ತೆ ನಂಗೆ. ನಿನ್ನ ಮನಸ್ಸು ಹಗುರ ಮಾಡ್ಕೊಳ್ಳೋಕೆ ನಾನು ಇಲ್ಲಿ ಕೂತಿಲ್ಲ. ಸರಿ."

ಮೇಸ್ತ್ರಿ ಚೌಕಟ್ಟು ಬಿಟ್ಟ. ಪಕ್ಕಕ್ಕೆ ಸರಿದ. ಸಲಾಕೆ ಹಿಡಿದವನಿಗೂ ಸೀಟಿಗೂ ನಡುವೆ ಈಗ ಯಾರೂ ಇರಲಿಲ್ಲ. ಅವಳು ಕೂತಲ್ಲಿಂದ ಮಿಸುಕಲಿಲ್ಲ, ಕೈ ಅಡ್ಡ ಹಿಡಿಯಲಿಲ್ಲ. ಸುತ್ತಿಗೆಯ ಕಣ್ಣಿಗೆ ಕಣ್ಣು ಕೊಟ್ಟು ನೋಡಿದಳು.

"ತಿವಿಯೋ," ಅಂದಳು.